ತಟ್ಟಿ ನೋಡಿ ಕಾಲಿಡುವ ಊರು

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದಾಗ ಬೆಳಿಗ್ಗೆ ಒಂಬತ್ತು ದಾಟಿತ್ತು. ಆಷಾಢದ ಗಾಳಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕಾಗದದ ಲೋಟಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ನನ್ನ ಜೊತೆಗಿದ್ದವಳು ಅಣ್ಣನ ಮಗಳು, ಭೂವಿಜ್ಞಾನ ಓದುತ್ತಿರುವ ಹತ್ತೊಂಬತ್ತರ ಹುಡುಗಿ. ಚೀಲವನ್ನು ಅವಳು ಎಡಗೈಯಲ್ಲೇ ಎತ್ತಿಕೊಂಡಳು. ಬಲಗೈಯ ಪಟ್ಟಿ ಬಿಚ್ಚಿ ನಾಲ್ಕು ತಿಂಗಳಾಗಿದೆ, ಡಾಕ್ಟರು ಪೂರ್ತಿ ಕೂಡಿದೆ ಎಂದಿದ್ದಾರೆ. ಆದರೂ ಭಾರ ಎಂದ ಕೂಡಲೇ ಅವಳ ಎಡಗೈ ಮುಂದಾಗುತ್ತದೆ. ಅದನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಏನೋ ಕದಲುತ್ತದೆ.

ಆ ಕೈ ಮುರಿದದ್ದು ಜನವರಿಯಲ್ಲಿ, ಮನಾಲಿಯ ಮೇಲ್ಗಡೆಯ ಒಂದು ಹಿಮದ ಇಳಿಜಾರಿನಲ್ಲಿ. ನಾವಿಬ್ಬರೇ ಹೋಗಿದ್ದೆವು. ಅಂದು ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ನಾನು ಚಹಾದಂಗಡಿಯ ಒಲೆಯ ಮುಂದೆ ಕೂತಿದ್ದೆ. ಕುದುರೆ ಬಾಡಿಗೆಗೆ ಬಿಡುವವನೊಬ್ಬ ಕೈ ಕಾಯಿಸಿಕೊಳ್ಳುತ್ತ ರಾತ್ರಿಯ ಚಳಿಯ ಬಗ್ಗೆ ಮಾತಾಡುತ್ತಿದ್ದ. ಹನ್ನೊಂದರ ಹೊತ್ತಿಗೆ ಇಳಿಜಾರಿಗೆ ಹೋದೆವು. ಸ್ಕೀ ಬಾಡಿಗೆಗೆ ಕೊಡುವ ಗುಡಾರದ ಮುಂದೆ ದೊಡ್ಡ ಹಲಗೆ: ಹೆಲ್ಮೆಟ್ ಹಾಕಿಕೊಳ್ಳಿ, ಹಗ್ಗ ದಾಟಬೇಡಿ, ಕುಡಿದು ಬರಬೇಡಿ, ನಿಮ್ಮ ಜೀವಕ್ಕೆ ನೀವೇ ಹೊಣೆ. ಒಳಗೆ ಅಚ್ಚು ಹಾಕಿಸಿದ ಕಾಗದ, ಅದರ ಕೆಳಗೆ ಸಹಿ. ಸಹಿ ಹಾಕುತ್ತ ಹುಡುಗಿ ಕೇಳಿದಳು, ಇವತ್ತು ಹಿಮ ಹೇಗಿದೆ ಭಯ್ಯಾ ಎಂದು. ‘ಏಕ್‌ದಂ ಮಕ್ಖನ್’ ಎಂದ ಗುಡಾರದವನು. ಬೆಣ್ಣೆ.

ಬೆಣ್ಣೆಯಾಗಿರಲಿಲ್ಲ. ಹಿಂದಿನ ದಿನದ ಬಿಸಿಲಿಗೆ ಕರಗಿದ್ದ ಹಿಮ ರಾತ್ರಿ ಗಾಜಿನಂತೆ ಹೆಪ್ಪುಗಟ್ಟಿತ್ತು. ಅದರ ಮೇಲೆ ಬೆರಳುದ್ದ ಹೊಸ ಹಿಮ ಬಿದ್ದು ಎಲ್ಲವನ್ನೂ ಮುಚ್ಚಿತ್ತು. ಮೊದಲ ತಿರುವಿನಲ್ಲೇ ಸ್ಕೀಯ ಅಂಚು ಕಚ್ಚದೆ ಜಾರಿತು. ಅವಳು ಬಿದ್ದ ಸದ್ದು ನನಗೆ ಕೇಳಿಸಿತು. ಹಿಮದ ಮೇಲೆ ಬೀಳುವ ಸದ್ದಲ್ಲ ಅದು, ಅಂಗಳದ ಕಲ್ಲುಚಪ್ಪಡಿಯ ಮೇಲೆ ಬೀಳುವ ಸದ್ದು. ಆಮೇಲೆ ನಾನು ಜಗಳಕ್ಕೆ ಹೋದಾಗ ಗುಡಾರದವರು ಒಂದೂ ಮಾತಾಡದೆ ಆ ಸಹಿಯ ಕಾಗದವನ್ನು ತೆಗೆದು ನನ್ನ ಮುಂದೆ ಇಟ್ಟರು.

ಮನೆಯಲ್ಲಿ ಅಣ್ಣನದೂ ಅದೇ ಮಾತು. ‘ಓದಿ ತಾನೇ ಸಹಿ ಹಾಕಿದ್ದು? ಹತ್ತೊಂಬತ್ತು ವರ್ಷದ ಹುಡುಗಿಗೆ ತನ್ನ ಮೈಮೇಲೆ ತನಗೆ ಜವಾಬ್ದಾರಿ ಬೇಡವಾ?’ ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಜವಾಬ್ದಾರಿ ಬೇಕು. ಆದರೆ ನೆಲ ಹೇಗಿದೆ ಎಂದು ಬಲ್ಲವನು ಸುಳ್ಳು ಹೇಳಿದ ಮೇಲೆ ನೆಲವನ್ನೇ ಕಾಣದವಳು ಜವಾಬ್ದಾರಿಯನ್ನು ಯಾವುದರ ಮೇಲೆ ನಿಂತು ಹೊರಬೇಕು? ಆರು ತಿಂಗಳಿಂದ ಈ ಪ್ರಶ್ನೆ ನನ್ನ ಜೊತೆಗೇ ಇದೆ. ಕೋಲಾರ ಚಿನ್ನದ ಗಣಿ ನೋಡಬೇಕು ಎಂದು ಹುಡುಗಿ ಹಠ ಹಿಡಿದದ್ದು ಬಂಡೆಗಳಿಗಾಗಿ. ನಾನು ಹೊರಟದ್ದು ಅವಳ ಜೊತೆಗೆಂದು. ಪ್ರಶ್ನೆಯೂ ಗಾಡಿ ಹತ್ತಿತು.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲು ದಾರಿ ಸುಮಾರು 16 ಕಿಲೋಮೀಟರ್. 1894ರಲ್ಲಿ ಗಣಿಗಾಗಿಯೇ ಹಾಕಿದ ಹಳಿ. ಆಗ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ. ಯಂತ್ರ, ಸೌದೆ, ಕಲ್ಲಿದ್ದಲು, ಚಿತ್ತೂರು ಮತ್ತು ಆರ್ಕಾಟ್ ಕಡೆಯ ಕೂಲಿ ಜನ, ಎಲ್ಲ ಇದೇ ದಾರಿಯಲ್ಲಿ ಒಳಗೆ ಹೋದವು. ಈಗ ಮನುಷ್ಯರು ಹೊರಗೆ ಹರಿಯುತ್ತಾರೆ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಜನ ನಸುಕಿನ ಗಾಡಿಗಳಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮನೆ ಸೇರುತ್ತಾರೆ. ನಾವು ಎದುರು ದಿಕ್ಕಿನವರಾದ್ದರಿಂದ ಕಿಟಕಿಯ ಪಕ್ಕದಲ್ಲೇ ಜಾಗ ಸಿಕ್ಕಿತು. ಹುಡುಗಿ ಮೊಬೈಲಿನಲ್ಲಿ ಓದುತ್ತಿದ್ದದ್ದು ಮತ್ತೆ ಹಿಮದ ವಿಷಯವೇ.

‘ಅತ್ತೆ, ಇಲ್ಲಿ ಕೇಳು. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದವರು 1967ರಲ್ಲೇ ಹತ್ತು ನಿಯಮ ಮಾಡಿದ್ದಾರೆ. ಎರಡನೇದು ಏನು ಗೊತ್ತಾ? ನಿನ್ನ ವೇಗ ನಿನ್ನ ಅಳವಿಗೆ ತಕ್ಕಂತಿರಬೇಕು, ಇಳಿಜಾರಿಗೆ, ಹಿಮಕ್ಕೆ, ಹವೆಗೆ ತಕ್ಕಂತಿರಬೇಕು.’

ಅಳವು ಅವಳದು. ಹಿಮದ ಸುದ್ದಿ ಯಾರದು? ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು, ಜಿನ್‌ಮನ್ ಮತ್ತು ಝಿಟ್ಜೆವಿಟ್ಸ್, 2009ರಲ್ಲಿ ಒಂದು ಅಧ್ಯಯನ ಹೊರತಂದರು. ಸ್ಕೀ ತಾಣಗಳು ತಾವೇ ಪ್ರಕಟಿಸುವ ಹಿಮಪಾತದ ಲೆಕ್ಕವನ್ನು ದಿನವಾರು ಜೋಡಿಸಿ ನೋಡಿದರೆ ಶನಿವಾರ, ಭಾನುವಾರಗಳಲ್ಲಿ ಮಾತ್ರ ಹಿಮ ಹೆಚ್ಚು ಬೀಳುತ್ತಿತ್ತು. ಅವರ ಆಗಿನ ಲೆಕ್ಕದಲ್ಲಿ ನೂರಕ್ಕೆ 23ರಷ್ಟು ಹೆಚ್ಚು. ಮೋಡಕ್ಕೆ ವಾರದ ದಿನಗಳು ತಿಳಿಯುವುದಿಲ್ಲ. ಟಿಕೆಟ್ ಮಾರುವವರಿಗೆ ತಿಳಿಯುತ್ತದೆ. ಇಳಿಜಾರಿನ ಮೇಲೆ ನಿಂತವರೇ ಅಲ್ಲಿನ ಸ್ಥಿತಿಯನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ತಿಳಿಸುವ ಸೌಲಭ್ಯ ಬಂದ ಮೇಲೆ ಈ ಉಬ್ಬರ ಇದ್ದಕ್ಕಿದ್ದಂತೆ ಇಳಿಯಿತು ಎಂದೂ ಅವರು ಕಂಡುಕೊಂಡರು. ಇದನ್ನು ಓದಿ ನನಗೆ ಮನಾಲಿಯ ಆ ಮನುಷ್ಯನ ಮೇಲಿನ ಸಿಟ್ಟು ಹೆಚ್ಚಾಗಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಅವನು ಒಂಟಿಯಲ್ಲ ಎಂದು ಮಾತ್ರ ಗೊತ್ತಾಯಿತು.

ಬೆಮೆಲ್ ನಗರ, ಕೋರಮಂಡಲ್ ದಾಟಿ ಊರ್‌ಗಾಂ ಬಂತು. ಕಿಟಕಿಯಾಚೆ ಗಣಿ ಬಾವಿಗಳ ಮೇಲಿನ ಕಬ್ಬಿಣದ ಗೋಪುರಗಳು ತುಕ್ಕು ಹಿಡಿದು ನಿಂತಿದ್ದವು. ಅವುಗಳ ಹಿಂದೆ ಗಿಡವಿಲ್ಲದ, ಮೇಲೆ ಚಪ್ಪಟೆಯಾದ ತಿಳಿ ಹಳದಿಯ ದಿಬ್ಬಗಳು. ಸೈನೈಡ್ ದಿಬ್ಬ ಎನ್ನುತ್ತಾರೆ.

ಪರಿಚಯದವರೊಬ್ಬರ ಮೂಲಕ ಹೇಳಿಸಿದ್ದೆವು. ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಡಿ ದುಡಿದು, ಗಣಿ ಮುಚ್ಚಿದಾಗ ಹೊರಬಂದ ಹಿರಿಯರೊಬ್ಬರು ನಮಗಾಗಿ ಕಾಯುತ್ತಿದ್ದರು. ಎಪ್ಪತ್ತು ದಾಟಿದ ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ಮನೆಮಾತು ತಮಿಳು. ಕೆಜಿಎಫ್‌ನವರಿಗೆ ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಅವರ ಅಪ್ಪ, ತಾತ ಇಬ್ಬರೂ ಗಣಿಯವರೇ. ನಾನು ಅವರನ್ನು ಅಯ್ಯಾ ಎಂದೆ. ಅವರು ನನ್ನನ್ನು ಅಮ್ಮಾ ಎಂದರು, ಹುಡುಗಿಯನ್ನು ಪಾಪಾ ಎಂದರು.

ನಡೆಯುತ್ತ ಹೋದಂತೆ ದಾರಿಯ ಪಕ್ಕ ಹಳೆಯ ಕಲ್ಲುಗೋಡೆಯೊಂದು ಸಿಕ್ಕಿತು. ಹುಡುಗಿ ಅದರಲ್ಲಿ ಯಾವ ಕಲ್ಲಿದೆ ಎಂದು ಬಗ್ಗಿ ನೋಡುತ್ತಿದ್ದಳು. ಅಯ್ಯಾ ಅವಳನ್ನು ಪಕ್ಕಕ್ಕೆ ನಿಲ್ಲಿಸಿ ಕೊಡೆಯ ತುದಿಯಿಂದ ಗೋಡೆಯನ್ನು ಬಡಿದರು. ಟಣ್ ಎಂದಿತು. ಎರಡು ಮಾರು ಆಚೆ ಹೋಗಿ, ಗಾರೆ ಒಳಗಿಂದ ಬಿಟ್ಟುಕೊಂಡಿದ್ದ ಜಾಗದಲ್ಲಿ ಮತ್ತೆ ಬಡಿದರು. ಡೊಬ್ ಎಂದಿತು.

‘ಕೇಳಿಸ್ತಾ ಪಾಪಾ? ಮೊದಲನೇದು ಗಟ್ಟಿ. ಇದು ಒಳಗೆ ಬಿಟ್ಕೊಂಡಿದೆ. ಗಣಿ ಒಳಗೆ ನಮಗೆ ಮೊದಲ ಪಾಠ ಇದೇ. ಯಂತ್ರ ಎಲ್ಲ ಆಮೇಲೆ. ಹಾರೆ ತಗೊಂಡು ಮೇಲಿನ ಬಂಡೆ ತಟ್ಟು, ಕೇಳು, ಆಮೇಲೆ ಕಾಲಿಡು.’

ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಾರಲ್ಲ, ಹಾಗೆ. ಹಲಸಿನ ಹಣ್ಣು ಬಲಿತಿದೆಯೇ ಎಂದು ನೋಡುವ ಹಾಗೆ. ಬಂಡೆ ಟೊಳ್ಳೆಂದರೆ ಹಾರೆಯ ಮೊನೆ ಸೇರಿಸಿ, ತಾನು ಗಟ್ಟಿ ಸೂರಿನ ಕೆಳಗೆ ನಿಂತು, ಆ ಚಕ್ಕೆಯನ್ನು ಮೀಟಿ ಕೆಡವಬೇಕು. ಕೆಡವಲಾಗದಷ್ಟು ದೊಡ್ಡದಾದರೆ ಆಸರೆ ಕೊಡಬೇಕು, ಮೇಸ್ತ್ರಿಗೆ ಹೇಳಬೇಕು. ಹೇಳುವವರೆಗೆ ಯಾರೂ ಅಲ್ಲಿ ಕೆಲಸ ಹಿಡಿಯಬಾರದು. ಸ್ಫೋಟದ ಮದ್ದು ಸಿಡಿದ ಮೇಲೆ ಮತ್ತೆ ಮೊದಲಿಂದ ತಟ್ಟಬೇಕು, ಏಕೆಂದರೆ ಒಂದು ಗಳಿಗೆ ಹಿಂದೆ ಗಟ್ಟಿಯಾಗಿದ್ದ ಬಂಡೆ ಈಗ ಹಾಗೇ ಇದೆ ಎನ್ನಲಾಗದು.

‘ನಿಯಮ ಪುಸ್ತಕ ಇರ್ಲಿಲ್ವಾ ಅಯ್ಯಾ?’ ಹುಡುಗಿ ಕೇಳಿದಳು.

‘ಇತ್ತು ಪಾಪಾ. ತುಂಬಾ ಇತ್ತು.’ ಬೆರಳು ಮಡಚಿ ಎಣಿಸತೊಡಗಿದರು. ಬೀಡಿ, ಬೆಂಕಿಪೊಟ್ಟಣದ ನಿಯಮ. ಬೇಲಿ ಹಾಕಿದ ಜಾಗ ದಾಟಬಾರದು ಎಂಬ ನಿಯಮ. ಇಳಿದವರ ಲೆಕ್ಕ, ಏರಿದವರ ಲೆಕ್ಕ. ಮನುಷ್ಯರನ್ನು ಇಳಿಸುವ ಕಬ್ಬಿಣದ ಕೇಜಿಗೆ ಗಂಟೆಯ ಸನ್ನೆ. ಕೇಜಿನಲ್ಲಿ ಅದಿರಿದೆಯೋ ಜನರಿದ್ದಾರೋ ಎಂಬುದು ಮೇಲೆ ಯಂತ್ರ ನಡೆಸುವವನಿಗೆ ಕಣ್ಣಿಗೆ ಕಾಣುವುದಿಲ್ಲ. ಗಂಟೆಯ ಎಣಿಕೆ ಹೇಳಿದ್ದನ್ನೇ ಅವನು ನಂಬಬೇಕು. ಎಣಿಕೆ ತಪ್ಪಾದರೆ ಅದಿರನ್ನು ಎಳೆಯುವ ವೇಗದಲ್ಲಿ ಮನುಷ್ಯರು ಎಳೆಯಲ್ಪಡುತ್ತಾರೆ. ಇದನ್ನು ಹೇಳುವಾಗ ಅಯ್ಯಾ ಕೊಡೆಯ ಹಿಡಿಯಿಂದ ಗಾಳಿಯಲ್ಲೇ ಹಗ್ಗ ಎಳೆದಂತೆ ಮಾಡಿ ತೋರಿಸಿದರು. ಇಪ್ಪತ್ತೈದು ವರ್ಷದ ಹಿಂದೆ ನಿಂತ ಕೆಲಸ. ಕೈ ಮರೆತಿರಲಿಲ್ಲ.

ಚಾಂಪಿಯನ್ ರೀಫ್ 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ಒಂದು ಕಾಲಕ್ಕೆ ಪ್ರಪಂಚದ ಅತ್ಯಂತ ಆಳದ ಗಣಿಗಳಲ್ಲಿ ಒಂದು. ತಳದಲ್ಲಿ ಬಂಡೆಯ ಕಾವು 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು, ತಂಪು ಗಾಳಿಯನ್ನು ಮೇಲಿನಿಂದ ತಳ್ಳಬೇಕಿತ್ತು. ಅಷ್ಟು ಆಳದಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೆ 800 ಕಿಲೋಗೂ ಮಿಕ್ಕ ಭಾರ ಕೂತಿರುತ್ತದೆ. ಚಿನ್ನದ ಅದಿರಿನ ಪಟ್ಟಿಯನ್ನು ತೆಗೆದು ಅಲ್ಲಿ ಖಾಲಿ ಬಿಟ್ಟರೆ ಆ ಭಾರ ಅಕ್ಕಪಕ್ಕದ ಬಂಡೆಗೆ ಸರಿಯುತ್ತದೆ. ತಡೆಯುವಷ್ಟು ತಡೆದು ಬಂಡೆ ಒಂದು ದಿನ ಗುಂಡು ಹಾರಿದಂತೆ ಸಿಡಿಯುತ್ತದೆ. ಇದು ಹಾರೆಗೆ ಸಿಗುವ ಅಪಾಯವಲ್ಲ. ಟಣ್ ಎನ್ನುವ ಗಟ್ಟಿ ಬಂಡೆಯೇ ಸಿಡಿಯುವುದು.

ಹಳೆಯ ಕಾಲದಲ್ಲಿ ಇದಕ್ಕೆ ಇಲ್ಲಿ ಏರ್ ಬ್ಲಾಸ್ಟ್ ಎಂದು ಹೆಸರಿತ್ತು, ಗಾಳಿಯೇ ಬಂದು ಹೊಡೆದ ಹಾಗೆ. ಸಿಡಿದಾಗ ಸುರಂಗದ ಗಾಳಿ ನಿಜಕ್ಕೂ ಮನುಷ್ಯರನ್ನು ಎತ್ತಿ ಎಸೆಯುತ್ತಿತ್ತು, ಹೆಸರು ಅಲ್ಲಿಂದ ಬಂತು. ಸಿಡಿಯುವುದು ಬಂಡೆಯೇ, ಅದನ್ನು ಸಿಡಿಸುವುದು ನಾವು ಅಗೆದ ರೀತಿಯೇ ಎಂದು ಒಪ್ಪಿಕೊಂಡ ಮೇಲೆಯೇ ಅದಕ್ಕೆ ಮದ್ದು ಹುಡುಕುವುದು ಸಾಧ್ಯವಾಯಿತು. ಅಗೆದ ಜಾಗವನ್ನು ಖಾಲಿ ಬಿಡದೆ ಗ್ರಾನೈಟ್ ಕಲ್ಲು ಕಟ್ಟಿ ತುಂಬಿಸಿದರು, ಅಗೆಯುವ ಕ್ರಮ ಬದಲಾಯಿಸಿದರು, ಭೂಕಂಪ ಅಳೆಯುವ ಯಂತ್ರ ತಂದಿಟ್ಟರು. ನೆಲದ ನಡುಕವನ್ನು ಹಲವು ಕಡೆಯಿಂದ ಏಕಕಾಲಕ್ಕೆ ಕೇಳಿಸಿಕೊಳ್ಳುವ ಜಾಲ 1970ರ ದಶಕದಲ್ಲಿ ಬಂತು. ಮುಂದೆ 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರ ವಿಜ್ಞಾನ ಸಂಸ್ಥೆ ಹುಟ್ಟಿಕೊಂಡದ್ದು ಈ ಊರಿನಲ್ಲೇ. ಅಯ್ಯಾ ಅದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿದರು: ‘ಮಿಷನ್ನಿಗೂ ತಟ್ಟೋದು ಕಲಿಸಿದ್ರು.’

ಹಿಮದ ಬೆಟ್ಟದಲ್ಲೂ ಇಂಥದೇ ಕಿವಿಯ ವಿದ್ಯೆಯಿದೆ. ಹೊಸ ಹಿಮದ ಹೊದಿಕೆಯ ಅಡಿಯಲ್ಲಿ ಸಡಿಲ ಪದರ ಇದ್ದರೆ ಕಾಲಿಟ್ಟಾಗ ಅದು ಧಿಮ್ ಎಂದು ಕುಸಿದ ಸದ್ದು ಮಾಡುತ್ತದೆ. ಬಲ್ಲವರು ಅಲ್ಲಿಂದ ಹಿಂದಕ್ಕೆ ತಿರುಗುತ್ತಾರೆ. ಸೇನೆಗೆಂದು, ಗುಡ್ಡಗಾಡಿನ ಜನರಿಗೆಂದು ಹಿಮಕುಸಿತದ ಮುನ್ಸೂಚನೆ ಕೊಡಲು ಮನಾಲಿಯಲ್ಲೇ 1969ರಲ್ಲಿ ಒಂದು ಸಂಸ್ಥೆ ಶುರುವಾಯಿತು. ಈಗ ಅದು ರಕ್ಷಣಾ ಸಂಶೋಧನೆಯ ಬೇರೊಂದು ಸಂಸ್ಥೆಯ ಭಾಗ. 2023ರ ಫೆಬ್ರವರಿ 1ರಂದು ಗುಲ್‌ಮಾರ್ಗ್‌ನ ಅಫರ್ವತ್ ಬೆಟ್ಟದಲ್ಲಿ ಸ್ಕೀ ಮಾಡುತ್ತಿದ್ದ ಪೋಲೆಂಡಿನ ಇಬ್ಬರು ಹಿಮದಡಿ ಸಿಕ್ಕಿ ಸತ್ತರು. ಮುನ್ಸೂಚನೆ ಇದ್ದರೂ ಬೆಟ್ಟ ಕೆಲವರನ್ನು ತೆಗೆದುಕೊಳ್ಳುತ್ತದೆ. ಹಾಗೆಂದು ಮುನ್ಸೂಚನೆಯನ್ನು ಸಿಹಿಮಾಡಿ ಹೇಳುವ ಹಕ್ಕು ಯಾರಿಗೂ ಬರುವುದಿಲ್ಲ.

ಹಳೆಯ ಲೈನ್ ಮನೆಗಳ ನಡುವೆ ಒಂದು ಅಂಗಡಿಯಲ್ಲಿ ಟೀ ಕುಡಿದೆವು. ಅಯ್ಯಾ ಲೋಟ ಹಿಡಿದು ಎರಡು ಸಲ ಕೆಮ್ಮಿದರು. ಹುಡುಗಿ ಅವರ ಎದೆಯ ಕಡೆ ನೋಡಿದ್ದು ಅವರಿಗೆ ಗೊತ್ತಾಯಿತು.

‘ನಂದು ಅಷ್ಟಿಲ್ಲ. ನಮ್ಮಪ್ಪಂಗೆ ಜಾಸ್ತಿ ಇತ್ತು. ತಾತನಿಗೆ ಏನಾಯ್ತು ಅಂತ ಯಾರೂ ಹೇಳಲೇ ಇಲ್ಲ.’

ಈ ಊರಿನ ಕಥೆಯಲ್ಲಿ ನನ್ನನ್ನು ಹೆಚ್ಚು ಕಲಕಿದ ಮಾತು ಇದು. ಕೊರೆಯುವ ಯಂತ್ರ ಬಂಡೆಯಿಂದ ಎಬ್ಬಿಸುವ ದೂಳು ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಶ್ವಾಸಕೋಶದೊಳಗೆ ಕೂತು ಗಾಯದ ಕಲೆಯಂತೆ ಗಟ್ಟಿಯಾಗುತ್ತ ಹೋಗುತ್ತದೆ. ಸಿಲಿಕೋಸಿಸ್. ಅದನ್ನು ಹಾರೆಯಿಂದ ತಟ್ಟಿ ಕಂಡುಹಿಡಿಯಲಾಗುವುದಿಲ್ಲ, ಇಳಿದವನು ತನ್ನ ಜಾಣ್ಮೆಯಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಕೆಮ್ಮು ಬರುವ ಹೊತ್ತಿಗೆ ಹತ್ತಾರು ವರ್ಷ ಕಳೆದಿರುತ್ತದೆ. ಗಣಿ ನಡೆಸಿದ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಇಲ್ಲಿ ಕಾಲಿಟ್ಟಿತು. ಗಣಿಯವರ ಎದೆಯನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದ್ದು 1940ರಿಂದ 46ರ ನಡುವೆ. ಪರೀಕ್ಷೆಗೆ ಒಳಗಾದ 7,653 ಮಂದಿಯಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಆ ಕಲೆ ಸಿಕ್ಕಿತು. ಅರವತ್ತು ವರ್ಷ! ಮೂರು ತಲೆಮಾರು ಇಳಿದು ಏರಿ ಮುಗಿದ ಮೇಲೆ ಎಣಿಕೆ ಬಂತು. ಅಯ್ಯಾ ಅವರ ತಾತ ಆ ಎಣಿಕೆಗೂ ಮೊದಲಿನವರು.

ಇಷ್ಟೂ ಕಾಲ ನಿಯಮಗಳಿಗೇನೂ ಕೊರತೆಯಿರಲಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದಿರಿನ ಚೂರು ಮನೆಯಲ್ಲಿ ಸಿಕ್ಕರೆ ಜೈಲು. ಪಾಳಿ ಮುಗಿಸಿ ಬಂದವನ ಮೈ ತಡವುವುದು. 1930ರಲ್ಲಿ ಕೂಲಿಯವರ ಬೆರಳಚ್ಚು ತೆಗೆದು ದಾಖಲಿಸುವ ಹೊಸ ನಿಯಮ ತಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಚಿನ್ನ ಹೊರಗೆ ಹೋಗದಂತೆ ಕಾಯುವ ನಿಯಮಗಳನ್ನು ಅಷ್ಟು ಎಚ್ಚರದಿಂದ ಬರೆದವರಿಗೆ ದೂಳು ಒಳಗೆ ಹೋಗುವುದನ್ನು ಅಳೆಯಲು ಅಷ್ಟು ಕಾಲ ಹಿಡಿಯಿತು. ನಿನ್ನ ಜೀವಕ್ಕೆ ನೀನೇ ಹೊಣೆ ಎಂಬ ಮಾತು ಯಾರ ಬಾಯಿಂದ ಬಂದರೂ ನಾನೀಗ ಮೊದಲು ಕೇಳುವುದು, ಹಾಗೆ ಹೇಳುವವನು ತನಗೆ ಗೊತ್ತಿದ್ದನ್ನೆಲ್ಲ ಹೇಳಿದ್ದಾನೆಯೇ ಎಂದು.

ಟೀ ಮುಗಿಸಿ ಏಳುವಾಗ ಅಯ್ಯಾ ತಾವಾಗಿಯೇ ಇನ್ನೊಂದು ವಿಷಯ ತೆಗೆದರು. ಪಾಳಿ ಬದಲಾಗುವಾಗ ಮೇಲೆ ಹೊರಟವರು ಕೆಳಗೆ ಬಂದವರಿಗೆ ಹೇಳಿ ಹೋಗಬೇಕು: ಎಡಗಡೆ ಸೂರು ಸರಿಯಿಲ್ಲ, ಮೂಲೆಯಲ್ಲಿ ಒಂದು ಮದ್ದು ಸಿಡಿಯದೆ ಉಳಿದಿರಬಹುದು, ಹೀಗೆ. ಒಂದು ಪೊಂಗಲ್ ಹಬ್ಬದ ಮುನ್ನಾದಿನ ಇವರಿಗೆ ಮನೆ ಸೇರುವ ಅವಸರ. ಒಂದು ಕಡೆ ಬಂಡೆ ಟೊಳ್ಳು ಸದ್ದು ಮಾಡಿದ್ದು ಕಿವಿಗೆ ಬಿದ್ದಿತ್ತು. ಹೇಳಿದರೆ ನಿಲ್ಲಿಸಿಕೊಂಡು ಆಸರೆ ಕೊಡಿಸುತ್ತಾರೆ, ಕೇಜು ತಪ್ಪುತ್ತದೆ. ಬರುವವನೂ ತಟ್ಟಿಯೇ ತಟ್ಟುತ್ತಾನೆ ಎಂದುಕೊಂಡು ಸುಮ್ಮನೆ ಹತ್ತಿಬಿಟ್ಟರು.

‘ರಾತ್ರಿ ಬಿತ್ತು ಅದು. ಇಷ್ಟುದ್ದ ಚಪ್ಪಡಿ.’ ಕೊಡೆಯನ್ನು ಅಡ್ಡ ಹಿಡಿದರು. ‘ಕೆಳಗೆ ಯಾರೂ ಇರ್ಲಿಲ್ಲ ಅಮ್ಮಾ. ಆ ಹುಡುಗ ನೀರು ಕುಡಿಯೋಕೆ ಹೋಗಿದ್ದ. ಯಾರೂ ನನ್ನ ಏನೂ ಕೇಳ್ಲಿಲ್ಲ. ಕೇಳೋಕೆ ಯಾರಿಗೂ ಗೊತ್ತೇ ಇಲ್ವಲ್ಲ.’ ಸ್ವಲ್ಪ ಹೊತ್ತು ನಿಂತರು. ‘ಅವನ ಮದುವೆಗೆ ಹೋಗಿದ್ದೆ, ಅವನ ಮಗಳ ಮದುವೆಗೂ ಹೋಗಿದ್ದೆ. ಹೇಳೋಕಾಗ್ಲಿಲ್ಲ. ಹೋದ ವರ್ಷ ಹೋಗ್ಬಿಟ್ಟ.’

ನಾನು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಜೋರಾಯಿತು. ಸೈನೈಡ್ ದಿಬ್ಬದ ಬುಡಕ್ಕೆ ಹೋದಾಗ ಅದರ ತಲೆಯಿಂದ ದೂಳಿನ ತೆಳು ಪರದೆ ಎದ್ದು ಊರಿನ ಕಡೆ ಹೋಗುತ್ತಿತ್ತು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಕೆಸರು ಇದು. ನೂರಿಪ್ಪತ್ತು ವರ್ಷದಲ್ಲಿ ಈ ನೆಲ ಸುಮಾರು 800 ಟನ್ ಚಿನ್ನ ಕೊಟ್ಟಿದೆ. ಅದಕ್ಕೆ ಪ್ರತಿಯಾಗಿ ಊರಿನ ನಡುವೆ 13 ದಿಬ್ಬಗಳು, ಒಟ್ಟು 3.3 ಕೋಟಿ ಟನ್ನಿನಷ್ಟು ಹಿಟ್ಟು. ಮಳೆ ಕೊರೆದ ಆಳವಾದ ಸೀಳುಗಳು ಬುಡದಿಂದ ನೆತ್ತಿಯವರೆಗೆ. 2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ದೂರದೂರದಿಂದ ಹುಡುಗರು ಬಂದು ಇದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ಹೋದಾಗಲೂ ನಾಲ್ಕು ಜನ ಮೇಲಿದ್ದರು. ಒಬ್ಬ ಅಂಚಿಗೆ ಕೂತು ಕಾಲು ಇಳಿಬಿಟ್ಟಿದ್ದ.

‘ವಿಷ ಅಲ್ವಾ ಅತ್ತೆ ಇದು?’

ಇದಕ್ಕೆ ಸರಿಯಾದ ಉತ್ತರ ಕೊಡಬೇಕೆಂದು ನನಗೆ ಅನಿಸಿತು. ಹೆಸರಿನಲ್ಲಿರುವ ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮೇಣ ಒಡೆದು ಕ್ಷೀಣಿಸುತ್ತದೆ. ಮುಟ್ಟಿದ ಕೂಡಲೇ ಸಾಯುತ್ತಾರೆ ಎಂದು ಹೆದರಿಸಿದರೆ, ಹತ್ತಿ ಇಳಿದು ಬದುಕಿ ಬಂದವನು ಮುಂದೆ ಯಾವ ಎಚ್ಚರಿಕೆಯನ್ನೂ ನಂಬುವುದಿಲ್ಲ. ಹೆದರಬೇಕಾದದ್ದು ಈ ನುಣುಪು ದೂಳಿಗೆ, ಅದರಲ್ಲಿನ ಸಿಲಿಕಾಗೆ, ಉಳಿದ ಭಾರ ಲೋಹಗಳಿಗೆ, ಆಮೇಲೆ ಒಳಗಿಂದ ಮಳೆ ಕೊರೆದು ಟೊಳ್ಳಾದ ಅಂಚಿಗೆ. ಒಂದು ದಿನ ಹತ್ತಿ ಇಳಿಯುವ ಪ್ರವಾಸಿಗಿಂತ ಪ್ರತಿ ಆಷಾಢದಲ್ಲೂ ಇದೇ ದೂಳನ್ನು ಅನ್ನದ ತಟ್ಟೆಯಿಂದ ಒರೆಸುವ ಮನೆಗಳಿಗೆ ಇದು ದೊಡ್ಡ ಮಾತು. ಅವರು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಈ ದಿಬ್ಬಗಳಲ್ಲಿ ಇನ್ನೂ ಉಳಿದ ಚಿನ್ನವನ್ನು ತೆಗೆಯಲು ಹರಾಜಿಗೆ ಬಿಡುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಅಗೆಯುವಾಗ ಏಳುವ ದೂಳಿನ ಲೆಕ್ಕ ಆ ಮನೆಗಳಿಗೆ ದಿನದಿನವೂ ತಿಳಿಯಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಈ ಸಲ ಅರವತ್ತು ವರ್ಷ ಕಾಯಿಸಬಾರದು.

ಅಯ್ಯಾ ಕೊಡೆ ಎತ್ತಿ ಮೇಲಿದ್ದ ಹುಡುಗರನ್ನು ಕೂಗಿದರು. ಬೈಯಲಿಲ್ಲ. ‘ತಂಬಿ, ನೀನು ಕೂತಿರೋ ಕೆಳಗೆ ಮಣ್ಣಿಲ್ಲ. ಇಲ್ಲಿಂದ ಕಾಣ್ತದೆ, ನಿಂಗೆ ಕಾಣಲ್ಲ. ಹಿಂದಕ್ಕೆ ಬಾ.’ ಅಂಚಿನಲ್ಲಿದ್ದವನು ಬಗ್ಗಿ ನೋಡಿದ. ಅಂಗೈ ಊರಿಕೊಂಡು ಮೆಲ್ಲಗೆ ಹಿಂದೆ ಸರಿದ. ನಮ್ಮ ಹುಡುಗಿ ಕೆಳಗೇ ನಿಂತಳು. ಬುಡದಿಂದ ಒಂದು ಚಿಟಿಕೆ ಹಿಟ್ಟು ತೆಗೆದು ಕಾಗದದಲ್ಲಿ ಮಡಚಿಕೊಂಡು ಕೈ ತೊಳೆದುಕೊಂಡಳು.

ಗಣಿಯ ಬಾವಿಗಳಿಗೀಗ ನೀರು ತುಂಬಿದೆ. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದ ಮೇಲೆ ಪಂಪುಗಳು ನಿಂತವು. ಮುಚ್ಚಿದ ಮೇಲೂ ನೆಲ ಆಗಾಗ ಒಂದು ಸಲ ಗುಡುಗಿ ಪಾತ್ರೆ ಅಲುಗಿಸುತ್ತದಂತೆ. ಹೊಸಬರು ಹೆದರಿ ಬೀದಿಗೆ ಓಡಿಬರುತ್ತಾರೆ, ಹಳಬರು ಯಾವ ಕಡೆಯಿಂದ ಬಂತು ಎಂದು ಕಿವಿಗೊಡುತ್ತಾರೆ. ಸ್ಟೇಷನ್ನಿನವರೆಗೆ ಅಯ್ಯಾ ಜೊತೆಗೆ ಬಂದರು. ಗಾಡಿ ಹೊರಟಾಗ ಕೊಡೆಯನ್ನು ಎತ್ತಿ ಹಿಡಿದು ನಿಂತಿದ್ದರು.

ಬಂಗಾರಪೇಟೆಯಲ್ಲಿ ಬೆಂಗಳೂರಿನ ಗಾಡಿಗೆ ಇನ್ನೂ ಒಂದು ಗಂಟೆಯಿತ್ತು. ಪಾನಿಪೂರಿ ತಿನ್ನದೆ ಈ ಊರಿನಿಂದ ಹೋಗುವವರಿಲ್ಲ. ಇಲ್ಲಿನ ಪಾನಿ ಹಸಿರಲ್ಲ, ಕಂದಲ್ಲ. ಕುಡಿಯುವ ನೀರಿನಷ್ಟು ತಿಳಿ. ಗಾಡಿಯವನು ಹುಡುಗಿಗೆ ತಟ್ಟೆ ಕೊಡುತ್ತ, ‘ಬಣ್ಣ ನೋಡಿ ಜಾಸ್ತಿ ಕುಡೀಬೇಡಮ್ಮ, ಖಾರ ಆಮೇಲೆ ಹತ್ತುತ್ತೆ’ ಎಂದ. ಅವಳು ಮೊದಲನೆಯದನ್ನು ಬಾಯಿಗೆ ಹಾಕಿಕೊಂಡಳು, ಕಣ್ಣಲ್ಲಿ ನೀರು ಬಂತು. ಎರಡನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು.

‘ಅತ್ತೆ, ಅಪ್ಪಂಗೆ ಹೇಳಬೇಡ. ಮನಾಲಿಲಿ ಆತ ನನ್ನ ಕೇಳಿದ್ದ, ಮೊದಲು ಮಾಡಿದ್ದೀಯಾ ಅಂತ. ಎರಡು ಸಲ ಮಾಡಿದ್ದೀನಿ ಅಂದೆ. ಒಂದು ಸಲನೂ ಮಾಡಿರ್ಲಿಲ್ಲ. ಅದಕ್ಕೇ ಮೇಲಿನ ಇಳಿಜಾರಿಗೆ ಕಳಿಸಿದ್ದು.’

ಹುಣಸೆಯ ಹುಳಿಗೂ ಮೆಣಸಿಗೂ ನನ್ನ ಗಂಟಲು ಉರಿಯುತ್ತಿತ್ತು. ಒಲೆಯ ಮುಂದೆ ಕೈ ಕಾಯಿಸುತ್ತಿದ್ದ ಕುದುರೆಯವನ ಮುಖ ಕಣ್ಣ ಮುಂದೆ ಬಂತು. ರಾತ್ರಿ ಪೂರ್ತಿ ಹೆಪ್ಪುಗಟ್ಟಿದೆ ಮೇಡಂ, ಇವತ್ತು ಕುದುರೆಯನ್ನು ಮೇಲೆ ಹತ್ತಿಸುವುದಿಲ್ಲ, ಕಾಲು ಮುರಿದುಕೊಳ್ಳುತ್ತದೆ ಎಂದಿದ್ದ ಅವನು. ಮೂರು ತಿಂಗಳಿಂದ ಕಾಸು ಕೂಡಿಟ್ಟುಕೊಂಡು ಬಂದವಳ ಸಂತೋಷ ಕೆಡಿಸುವುದು ಬೇಡವೆಂದು ನಾನು ಅದನ್ನು ನನ್ನಲ್ಲೇ ಇಟ್ಟುಕೊಂಡೆ. ಆಮೇಲೆ ಆರು ತಿಂಗಳು ಗುಡಾರದವನನ್ನು ಮಾತ್ರ ಬೈದೆ.

ತಟ್ಟೆಯನ್ನು ಗಾಡಿಯ ಅಂಚಿಗೆ ಇಟ್ಟು ಅವಳಿಗೆ ಅದನ್ನೆಲ್ಲ ಹೇಳಿದೆ. ಕುದುರೆಯವನು ಆಡಿದ ಮಾತನ್ನು ಅವನು ಆಡಿದಂತೆಯೇ ಹೇಳಿದೆ. ಅವಳು ಕೈಯಲ್ಲಿದ್ದ ಪೂರಿಯನ್ನು ನೋಡುತ್ತ ನಿಂತಿದ್ದಳು. ಅದು ನೆನೆದು ಒಡೆದು ತಿಳಿ ಪಾನಿ ಅವಳ ಬಲ ಮಣಿಕಟ್ಟಿನ ಮೇಲೆ ಹರಿಯಿತು. ನಾನು ಸೆರಗಿನಿಂದ ಒರೆಸಲು ಹೋದೆ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.